ನಿಂತು ತಿನ್ನುವ ನಾಷ್ಟಾ

(ಧಾರವಾಡದಲ್ಲಿ ಊರಿನ ದಿನಬಳಕೆಯ ವ್ಯವಸ್ಥೆಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಕೇಳಲು ಬಂದವರಲ್ಲಿ ಸಣ್ಣ ಹೊಟೇಲ್ ನಡೆಸುವವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ಇದ್ದರು.)

ಎಲ್ಲರಿಗೂ ನಮಸ್ಕಾರ್ರೀ.

ವಾರದ ದಿನ ಮುಂಜಾನೆ ಏಳು ಗಂಟೆಗೆ ಹುಬ್ಬಳ್ಳಿ-ಧಾರವಾಡದ ಈ ಜೋಡಿ ನಗರದಲ್ಲಿ ಮನೆಯ ಹೊರಗೆ ನಾಷ್ಟಾ ಮಾಡುವವರು ಯಾರು ಎಂಬುದನ್ನು ಮೊದಲು ನೋಡೋಣ. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿಯುವ ಕಾಲೇಜು ಹುಡುಗರು, ಗೌಂಡಿಗಳು, ಅಂಗಡಿ ಕೆಲಸದ ಹೆಣ್ಣುಮಕ್ಕಳು. ಗದಗ ರೋಡಿನ ರೈಲ್ವೆ ವರ್ಕ್‌ಶಾಪಿಗೆ ಹೊರಟವರು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು. ಕಿಮ್ಸ್ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ರೋಗಿಯ ಪಕ್ಕ ಕೂತು ಎದ್ದು ಬಂದ ಮನೆಮಂದಿ. ಧಾರವಾಡದ ಕಡೆ ಬಂದರೆ, ಸಪ್ತಾಪುರದ ಕೋಣೆಗಳಲ್ಲಿ ಬಾಡಿಗೆ ಹಂಚಿಕೊಂಡು ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಮಕ್ಕಳು. 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದ ಮೇಲೆ ಬಳ್ಳಾರಿ, ಕೊಪ್ಪಳ, ಬಾಗಲಕೋಟೆಯಿಂದ ರಾತ್ರಿ ಬಸ್ಸು ಹತ್ತಿ ಬರುವ ಕಕ್ಷಿದಾರರು. ಇವರೆಲ್ಲರ ಕೈಯಲ್ಲಿ ಇರುವುದು ಹತ್ತು ಹದಿನೈದು ನಿಮಿಷ, ಕಿಸೆಯಲ್ಲಿ 30-40 ರೂಪಾಯಿ. ಅಷ್ಟರಲ್ಲೇ ಬಿಸಿ ತಿಂಡಿ, ಮೇಲೊಂದು ಚಹಾ ಆಗಬೇಕು. ಮಧ್ಯಾಹ್ನದವರೆಗೂ ಹೊಟ್ಟೆ ತಡೆಯಬೇಕು.

ಹಿಂದೆ ಪ್ಯಾಟಿಗೆ ಬರುವವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಪಲ್ಯ. ಈಗಲೂ ತರುವವರಿದ್ದಾರೆ, ಅದಕ್ಕಿಂತ ಒಳ್ಳೆಯ ಊಟವಿಲ್ಲ. ಆದರೆ ಆರು ಗಂಟೆಯ ಬಸ್ಸಿಗೆ ಬುತ್ತಿ ತಯಾರಾಗಬೇಕಾದರೆ ಮನೆಯಲ್ಲಿ ಒಬ್ಬ ಹೆಣ್ಣುಮಗಳು ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಬೇಕು. ಈಗ ಅವಳೂ ಅದೇ ಬಸ್ಸಿಗೆ ಕಾಲೇಜಿಗೋ ಕೆಲಸಕ್ಕೋ ಬರುವವಳು. ಹೊರಗೆ ಅಗ್ಗದಲ್ಲಿ ನಾಷ್ಟಾ ಸಿಗುತ್ತದೆ ಎಂದರೆ ಆ ಮನೆಯಲ್ಲಿ ಒಬ್ಬರಿಗೆ ಒಂದು ತಾಸಿನ ನಿದ್ದೆ ಉಳಿಯಿತು. ಹೊಟೇಲ್ ತಿಂಡಿ ಎಂದರೆ ಚಟ, ದುಂದು ಎಂದು ಮೂಗು ಮುರಿಯುವ ಹಿರಿಯರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನ ವಾದ ಇಷ್ಟೇ. ನಿಂತು ತಿನ್ನುವ ಈ ನಾಷ್ಟಾ ಅಂಗಡಿ ಬಸ್ಸು, ಬೀದಿದೀಪಗಳ ಹಾಗೆಯೇ ಊರು ನಡೆಯಲು ಬೇಕಾದ ವ್ಯವಸ್ಥೆ. ಅದರ ಅಗ್ಗದ ದರ ಮಾಲೀಕರ ಧಾರಾಳತನದಿಂದ ಬಂದದ್ದಲ್ಲ, ಕೆಲಸದ ಜೋಡಣೆಯಿಂದ ಬಂದದ್ದು. ಆ ಜೋಡಣೆಯಲ್ಲಿ ಊರು ಒದಗಿಸಬೇಕಾದ ಒಂದು ಪಾಲು ಇದೆ, ಅದು ನೀರು. ಅದನ್ನು ನಾವು ಒದಗಿಸುತ್ತಿಲ್ಲ.

ಮೊದಲು ಜೋಡಣೆಯನ್ನು ನೋಡೋಣ. ಗಲ್ಲಾದಲ್ಲಿ ಮೊದಲು ರೊಕ್ಕ, ಕೈಗೆ ಚೀಟಿ, ಚೀಟಿ ಕೊಟ್ಟಲ್ಲಿ ಪ್ಲೇಟು, ತಿಂದ ಪ್ಲೇಟು ನಾವೇ ಒಯ್ದು ಟಬ್ಬಿನಲ್ಲಿ ಇಡುವುದು. ಕರಾವಳಿ ಕಡೆಯಿಂದ ಬಂದವರು ನಮ್ಮೂರಲ್ಲಿ ಕಟ್ಟಿದ ಹಳೆಯ ಹೊಟೇಲುಗಳಲ್ಲಿ ಕಲ್ಲಿನ ಮೇಜು, ಕುರ್ಚಿ, ಆರ್ಡರ್ ಕೂಗಿ ಹೇಳುವ ಮಾಣಿ ಇರುತ್ತಿದ್ದರು. ಅದರ ಸೊಗಸೇ ಬೇರೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಶುರುವಾದಾಗ ಕುರ್ಚಿಯೂ ಹೋಯಿತು, ಮಾಣಿಯೂ ಹೋದ. ಆ ಪದ್ಧತಿಗೆ ಮೊದಲು ರೂಪ ಕೊಟ್ಟವರೆಂದು ಆರ್. ಪ್ರಭಾಕರ್ ಅವರ ಹೆಸರನ್ನು ಹೇಳುತ್ತಾರೆ. ಆದರೆ ನಿಂತು ತಿನ್ನುವುದನ್ನು ನಮಗೆ ಯಾರೂ ಬೆಂಗಳೂರಿನಿಂದ ತಂದು ಕಲಿಸಬೇಕಿರಲಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಗಾಡಿಗಳ ಮುಂದೆ, ಬಸ್ ನಿಲ್ದಾಣದ ಬದಿಯ ಒಗ್ಗರಣಿ (ಚುರಮುರಿಗೆ ಒಗ್ಗರಣೆ ಹಾಕಿ ಮಾಡುವ ತಿಂಡಿ), ಮಿರ್ಚಿ ಭಜಿಯ ಅಂಗಡಿಗಳ ಮುಂದೆ ನಮ್ಮ ಜನ ನಿಂತೇ ತಿಂದವರು. ದರ್ಶಿನಿಯಿಂದ ನಮಗೆ ಬಂದದ್ದು ಮೊದಲೇ ರೊಕ್ಕ ತೆಗೆದುಕೊಳ್ಳುವ ಶಿಸ್ತು ಮತ್ತು ಎದೆಮಟ್ಟದ ಕಲ್ಲಿನ ಕಟ್ಟೆ.

ಕೂತು ತಿನ್ನುವವರು ಸುಮಾರು ಇಪ್ಪತ್ತು ನಿಮಿಷ ಜಾಗ ಹಿಡಿಯುತ್ತಾರೆ. ನಿಂತವರು ಏಳೆಂಟು ನಿಮಿಷಕ್ಕೆ ಹೊರಡುತ್ತಾರೆ. ಒಂದು ಕುರ್ಚಿ ಮೇಜಿನ ಜಾಗದಲ್ಲಿ ಇಬ್ಬರು ಮೂವರು ನಿಲ್ಲಬಹುದು. ಹಾಗಾಗಿ ಹತ್ತು ಅಡಿ ಅಗಲದ ಮಳಿಗೆಯಲ್ಲೇ ದೊಡ್ಡ ಹೊಟೇಲಿನಷ್ಟು ಗಿರಾಕಿ ಆಗುತ್ತದೆ, ಬಾಡಿಗೆ ಮಾತ್ರ ಸಣ್ಣ ಮಳಿಗೆಯದು. ಪ್ರತಿ ಪ್ಲೇಟಿನ ಮೇಲೆ ಬೀಳುವ ಬಾಡಿಗೆ ಕರಗುವುದು ಇಲ್ಲಿ. ವೇಗ ಕಡಿಮೆಯಾದರೆ ಅಗ್ಗವೂ ಹೋಯಿತು.

ವೇಗವನ್ನು ಕೆಡಿಸುವುದರಲ್ಲಿ ಮುಂದಿರುವುದು ಉದ್ದನೆಯ ಮೆನು ಬೋರ್ಡು. ಈ ಬಗ್ಗೆ ನನಗೆ ಕಟ್ಟುನಿಟ್ಟಾದ ಅಭಿಪ್ರಾಯವಿದೆ. ಮುಂಜಾನೆಯ ಕೌಂಟರಿಗೆ ಐದು ಪದಾರ್ಥ ಸಾಕು: ಇಡ್ಲಿ-ವಡಾ, ಉಪ್ಪಿಟ್ಟು, ಶಿರಾ, ಪುರಿ, ಒಗ್ಗರಣಿ. ಇಡ್ಲಿ ಒಮ್ಮೆಗೆ ಹತ್ತಾರು ಪ್ಲೇಟಿನಷ್ಟು ಬೇಯುತ್ತದೆ, ಹತ್ತು ಹನ್ನೆರಡು ನಿಮಿಷದ ಕೆಲಸ. ಉಪ್ಪಿಟ್ಟು, ಶಿರಾ ದೊಡ್ಡ ಪಾತ್ರೆಯಲ್ಲಿ ಬಿಸಿಯಾಗಿ ಕೂತಿರುತ್ತವೆ, ಬಟ್ಟಲಲ್ಲಿ ತುಂಬಿ ಪ್ಲೇಟಿಗೆ ಬೋರಲು ಹಾಕಿದರೆ ಮುಗಿಯಿತು. ದ್ವಾಸಿಯ ಮಾತು ಬೇರೆ. ಒಂದೊಂದನ್ನೂ ಹಂಚಿನ ಮುಂದೆ ನಿಂತು ಹುಯ್ಯಬೇಕು, ಎರಡು ಮೂರು ನಿಮಿಷ ಕಾಯಬೇಕು. ಸರದಿಯಲ್ಲಿ ಹತ್ತು ಮಂದಿ ಮಸಾಲೆ ದ್ವಾಸಿ ಕೇಳಿದರೆ ಹಿಂದೆ ನಿಂತವನ ಬಸ್ಸು ಹೋಯಿತೆಂದೇ ಅರ್ಥ. ದ್ವಾಸಿ ನನಗೂ ಪ್ರೀತಿಯ ತಿಂಡಿ. ಅದಕ್ಕೆ ಒಂಬತ್ತರ ನಂತರದ ಹೊತ್ತು ಒಳ್ಳೆಯದು, ಇಲ್ಲವೇ ಬೇರೆ ಸರದಿ ಬೇಕು. ಗೋಬಿ ಮಂಚೂರಿ, ಫ್ರೈಡ್ ರೈಸ್ ಎಂದೆಲ್ಲ ಬೋರ್ಡು ಬೆಳೆಸಿದ ಅಂಗಡಿಗಳಲ್ಲಿ ಮುಂಜಾನೆಯ ಉಪ್ಪಿಟ್ಟು ಕೆಟ್ಟುಹೋಗುವುದನ್ನು ನೀವೂ ನೋಡಿದ್ದೀರಿ. ಅಡುಗೆಯವನ ಗಮನ ಹತ್ತು ಕಡೆ ಹರಿದುಹೋಗುತ್ತದೆ.

ಹೊಗೆಯಾಡುವ ಇಡ್ಲಿ ನಮಗೆ ಏಳು ಗಂಟೆಗೆ ಕಾಣುತ್ತದೆ. ಅದರ ಕೆಲಸ ಹಿಂದಿನ ದಿನ ಮಧ್ಯಾಹ್ನವೇ ಶುರುವಾಗಿರುತ್ತದೆ. ಉದ್ದಿನಬೇಳೆ ನೆನೆಸಬೇಕು, ರುಬ್ಬಬೇಕು, ಅದರ ಮೂರು ನಾಲ್ಕು ಪಟ್ಟು ಇಡ್ಲಿ ರವಾ ಕೂಡಿಸಿ ಇಡಬೇಕು. ಎಂಟರಿಂದ ಹನ್ನೆರಡು ತಾಸು ಹುದುಗು ಬರಬೇಕು. ಹಿಟ್ಟಿನಲ್ಲೇ ಇರುವ ಸೂಕ್ಷ್ಮಜೀವಿಗಳು ಹುಳಿಯನ್ನೂ ಗಾಳಿಯನ್ನೂ ಹುಟ್ಟಿಸುತ್ತವೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಬೇಳೆ ಕಡಿಮೆ ಹಾಕಿ ಸೋಡಾ ಹೆಚ್ಚು ಮಾಡಿದರೆ ಇಡ್ಲಿ ಉಬ್ಬಿದಂತೆ ಕಾಣುತ್ತದೆ, ತಣ್ಣಗಾದೊಡನೆ ಕಲ್ಲಾಗುತ್ತದೆ. ಬೇಳೆಯ ದರ ಏರಿದಾಗಲೆಲ್ಲ ಕೆಲವು ಅಂಗಡಿಗಳಲ್ಲಿ ನಡೆಯುವುದು ಇದೇ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಹುದುಗುವುದೂ ನಿಧಾನ. ಬಲ್ಲವರು ಹಿಟ್ಟಿನ ಪಾತ್ರೆಯನ್ನು ಒಲೆಯ ಬೆಚ್ಚನೆಯ ಮಗ್ಗುಲಲ್ಲಿ ಇಡುತ್ತಾರೆ, ನೆನೆಹಾಕುವುದನ್ನು ಒಂದೆರಡು ತಾಸು ಮುಂಚಿತ ಮಾಡುತ್ತಾರೆ. ಆ ಕೈಗಳಿಗೆ ನಿದ್ದೆ ಯಾವಾಗ ಎಂದು ಕೇಳಿದರೆ, ಹೆಚ್ಚಿನವರದು ಎರಡು ತುಂಡಿನ ನಿದ್ದೆ: ರಾತ್ರಿ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು.

ಚಟ್ನಿಯ ಮುಂದೆ ಸ್ವಲ್ಪ ನಿಲ್ಲಬೇಕು. ಅಂಗಡಿ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ಚಟ್ನಿಯಿಂದಲೇ ನಿರ್ಧರಿಸುತ್ತೇನೆ. ನಮ್ಮ ಈ ಸೀಮೆಯಲ್ಲಿ ತೆಂಗಿನಕಾಯಿ ಹೊರಗಿನಿಂದ ಬರಬೇಕು, ಅದರ ದರ ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಶೇಂಗಾ ಮತ್ತು ಕಡಲೆ ನಮ್ಮವೇ. ಗದಗ, ನವಲಗುಂದದ ಎರೆಹೊಲದಲ್ಲಿ ಹಿಂಗಾರಿನ ಕಡಲೆ ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಪುಠಾಣಿ (ಹುರಿಗಡಲೆ), ಶೇಂಗಾ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ರುಬ್ಬಿದ ಚಟ್ನಿಯನ್ನು ತೆಂಗಿನಕಾಯಿ ಇಲ್ಲದ ಬಡ ಚಟ್ನಿ ಎಂದುಕೊಳ್ಳಬೇಡಿ. ಇಲ್ಲಿಯ ಬೆಳೆಗೆ ಸರಿಯಾದ ಚಟ್ನಿ ಅದು, ಹೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಬೇಸಿಗೆಯಲ್ಲಿ ತೆಂಗಿನ ಚಟ್ನಿಯಷ್ಟು ಬೇಗ ಹಳಸುವುದೂ ಇಲ್ಲ. ಕೆಂಪು ಚಟ್ನಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಗುಣವೇ ಬಣ್ಣ ಹೆಚ್ಚು, ಖಾರ ಕಡಿಮೆ. ಸುಕ್ಕು ಸುಕ್ಕಾದ ಡಬ್ಬಿ ತಳಿಯ ನಾಲ್ಕು ಕಾಯಿ ನೆನೆಸಿ ಅರೆದರೆ ಬಣ್ಣದ ಪುಡಿಯ ಗೊಡವೆಯೇ ಬೇಡ. ಇಷ್ಟೆಲ್ಲ ಕೈಯಳತೆಯಲ್ಲಿ ಇರುವಾಗ ನೀರು ಹೆಚ್ಚು ಮಾಡಿದ ಚಟ್ನಿ ಸುರಿಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಒಗ್ಗರಣಿಯ ಬಗ್ಗೆಯೂ ಎರಡು ಮಾತು. ಚುರಮುರಿ ನೀರಿಗೆ ಹಾಕಿ, ತಕ್ಷಣ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಷಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿದರೆ ಐದು ನಿಮಿಷಕ್ಕೆ ಇಪ್ಪತ್ತು ಪ್ಲೇಟು. ಚುರಮುರಿ ಭಟ್ಟಿಯಲ್ಲೇ ಉಬ್ಬಿ ಬಂದಿರುವುದರಿಂದ ಗ್ಯಾಸಿನ ಖರ್ಚು ತೀರಾ ಕಡಿಮೆ. ಪಕ್ಕಕ್ಕೆ ಎರಡು ಮಿರ್ಚಿ. ಎಣ್ಣೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಾದೆಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣ ಶೇಕಡಾ 25 ದಾಟಿದರೆ ಅದನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಸಾಧನ ಸಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ಬೇಗ ಹೊಗೆಯಾಡತೊಡಗಿದರೆ ಬದಲಿಸಬೇಕು ಎಂಬಷ್ಟು ಕಣ್ಣಿಗೇ ಗೊತ್ತಾಗುತ್ತದೆ. ಇನ್ನು ಮಿರ್ಚಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುವ ರೂಢಿ ನಿಲ್ಲಲೇಬೇಕು. ಬಿಸಿ ಎಣ್ಣೆ ಪೇಪರಿನ ಮಸಿಯನ್ನು ಎಳೆದುಕೊಳ್ಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಮುತ್ತಲ ಎಲೆ, ಬಾಳೆ ಎಲೆಯ ತುಂಡು ಈಗಲೂ ಸಂತೆಯಲ್ಲಿ ಸಿಗುತ್ತವೆ.

ಈಗ ನೀರಿಗೆ ಬರೋಣ.

ಒಂದು ಪ್ಲೇಟು, ಒಂದು ಬಟ್ಟಲು, ಚಮಚ, ಲೋಟ. ಎಷ್ಟೇ ಬಿಗಿ ಹಿಡಿದರೂ ಇವನ್ನು ತೊಳೆಯಲು ಎರಡು ಲೀಟರ್ ಬೇಕೆಂದು ಲೆಕ್ಕ ಹಿಡಿಯಿರಿ. ಮುಂಜಾನೆ 300 ಮಂದಿ ತಿಂದರೆ 600 ಲೀಟರ್. ಕುಡಿಯುವುದು, ಬೇಯಿಸುವುದು, ಕೈ ತೊಳೆಯುವುದು ಬೇರೆ. ನಮ್ಮ ಊರಿಗೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ಹತ್ತಿರ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯದಿಂದ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ತಾಸೂ ನಳದ ನೀರು ಬಂತು, ದೇಶದ ಬೇರೆ ಊರಿನವರು ಬಂದು ನೋಡಿ ಹೋದರು. ಉಳಿದ ಎಷ್ಟೋ ಓಣಿಗಳಲ್ಲಿ ಐದಾರು ದಿನಕ್ಕೊಮ್ಮೆ, ಕೆಲವೆಡೆ ಅದಕ್ಕೂ ತಡವಾಗಿ ನೀರು ಬರುವುದು ಇಲ್ಲಿ ಕೂತವರೆಲ್ಲರಿಗೂ ಗೊತ್ತು. ನಳದ ನೀರಿಲ್ಲದ ಅಂಗಡಿಯವರು ಟ್ಯಾಂಕರ್ ತರಿಸಬೇಕು ಅಥವಾ ಬ್ಯಾರಲ್ಲಿನಲ್ಲಿ ಹೊತ್ತು ತರಬೇಕು.

ನೀರು ದುಬಾರಿಯಾದಾಗ ಅಂಗಡಿಯವರು ಏನು ಮಾಡುತ್ತಾರೆ? ಸ್ಟೀಲ್ ಪ್ಲೇಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ತಿಂದ ಮೇಲೆ ಹಾಳೆ ಬುಟ್ಟಿಗೆ, ಪ್ಲೇಟು ಹಾಗೇ ಮುಂದಿನವರಿಗೆ. ಇಲ್ಲವೇ ಒಂದೇ ಟಬ್ಬಿನ ಕಲಗಚ್ಚಿನಲ್ಲಿ ನೂರು ಪ್ಲೇಟು ಅದ್ದಿ ತೆಗೆಯುತ್ತಾರೆ. ಇಡ್ಲಿ ಬೇಯಿಸುವಾಗಲೂ ಇದೇ ಕಥೆ. ಬಟ್ಟೆ ಹಾಸಿದರೆ ದಿನವೂ ಒಗೆದು, ಕುದಿಸಿ, ಒಣಗಿಸಬೇಕು. ಪ್ಲಾಸ್ಟಿಕ್ ಹಾಳೆಗೆ ಆ ಕಾಟವಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಮಾದರಿಗಳನ್ನು ಪರೀಕ್ಷಿಸಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದೆಂದು ನಿರ್ಬಂಧ ಹೇರಿತು. ಅದು ಸರಿಯಾದ ನಿರ್ಧಾರ. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕ ಹಿಟ್ಟಿಗೆ ಇಳಿಯುತ್ತದೆ, ಅದನ್ನು ದಿನವೂ ತಿನ್ನುವವರು ಇಪ್ಪತ್ತು ಇಪ್ಪತ್ತೈದು ವಯಸ್ಸಿನ ಮಕ್ಕಳು. ಆದರೆ ಅಂಗಡಿಗೆ ಬಂದು ಹಾಳೆ ಜಪ್ತಿ ಮಾಡಿ ದಂಡ ಹಾಕಿ ಹೋದವರು, ಬಟ್ಟೆ ಒಗೆಯಲು ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡು ಹೋಗಬೇಕಿತ್ತು. ಪ್ಲಾಸ್ಟಿಕ್ಕಿನ ಬೇರು ಖಾಲಿ ನಳದಲ್ಲಿದೆ.

ಇರುವ ನೀರಲ್ಲೇ ಚೊಕ್ಕ ಕೆಲಸ ಮಾಡುವ ಅಂಗಡಿಗಳೂ ಇವೆ, ಅವರಿಂದ ಕಲಿಯುವುದು ಬಹಳ. ಮೊದಲು ಮುಸುರೆ ಒರೆಸಿ ಬೇರೆ ಡಬ್ಬಕ್ಕೆ ಹಾಕುತ್ತಾರೆ, ಅದು ದನಕ್ಕೆ ಹೋಗುತ್ತದೆ. ಆಮೇಲೆ ಮೂರು ಟಬ್ಬು: ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಜಾಲಿಸುವ ನೀರು, ಮೂರನೆಯದರಲ್ಲಿ ಕೈ ಸುಡುವಷ್ಟು ಬಿಸಿ ನೀರು. ಎರಡನೆಯದು ಹೊಲಸಾದರೆ ಅದು ಮೊದಲನೆಯದಕ್ಕೆ ಇಳಿಯುತ್ತದೆ, ಎರಡನೆಯದಕ್ಕೆ ಹೊಸ ನೀರು. ಬಿಸಿ ನೀರಿಗೆ ಬೇರೆ ಗ್ಯಾಸ್ ಉರಿಸುವುದಿಲ್ಲ, ಇಡ್ಲಿ ಪಾತ್ರೆಯ ಮಗ್ಗುಲಲ್ಲೇ ಒಂದು ಹಂಡೆ ಕೂರಿಸಿರುತ್ತಾರೆ. 19 ಕೆಜಿಯ ವ್ಯಾಪಾರಿ ಸಿಲಿಂಡರ್ ಕೊಳ್ಳುವವರಿಗೆ ಆ ಉಳಿತಾಯದ ಬೆಲೆ ಗೊತ್ತು. ಇಡ್ಲಿಗೆ ಹಾಳೆಯೂ ಬೇಡ, ಬಟ್ಟೆಯೂ ಬೇಡ ಎಂದು ಗುಳಿಗಳಿಗೆ ಎಣ್ಣೆ ಸವರಿ ಬೇಯಿಸುವವರೂ ಇದ್ದಾರೆ. ಬಿಡಿಸುವಾಗ ಒಂದೆರಡು ಮುರಿಯುತ್ತವೆ, ಅದನ್ನು ಒಗ್ಗರಣೆ ಹಾಕಿ ಒಂಬತ್ತರ ನಂತರ ಮಾರುತ್ತಾರೆ.

ಅದಕ್ಕೇ ಪಾಲಿಕೆಯ ಮುಂದೆ ನನ್ನದು ಒಂದೇ ಬೇಡಿಕೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎಂದಿದೆ. ಆ ಸಮಿತಿಯ ಮೊದಲ ಚರ್ಚೆ ನಳ ಮತ್ತು ಗಟಾರದ್ದಾಗಲಿ. ಆರೇಳು ನಾಷ್ಟಾ ಗಾಡಿ ನಿಲ್ಲುವ ಕಡೆ ಒಂದು ಸಾರ್ವಜನಿಕ ನಳ, ತೊಳೆಯುವ ಒಂದು ಕಟ್ಟೆ, ಮುಸುರೆ ನೀರು ಹರಿದುಹೋಗಲು ಜಾಲರಿಯಿರುವ ಗಟಾರ. ಕೊಳಾಯಿ ನೀರಿಗೆ ಮೀಟರ್ ಹಾಕಿ ದುಡ್ಡು ತೆಗೆದುಕೊಳ್ಳಲಿ, ಟ್ಯಾಂಕರಿಗೆ ತೆರುವವರು ಅದನ್ನು ಸಂತೋಷವಾಗಿ ತೆರುತ್ತಾರೆ. ಜೋಡಿ ನಗರದ ನಡುವೆ ಓಡುವ ಚಿಗರಿ (ಬಿಆರ್‌ಟಿಎಸ್) ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ, ನಾಷ್ಟಾ ರಸ್ತೆಯ ಅಂಚಿನಲ್ಲಿದೆ. ಜನ ದಾಟುವ ಜಾಗದ ಹತ್ತಿರವೇ ಇಂಥ ಕಟ್ಟೆಗಳನ್ನು ಕೊಟ್ಟರೆ ಓಡಿ ದಾಟುವ ಅವಸರವೂ ತಪ್ಪುತ್ತದೆ.

‘ಇಂದಿರಾ ಕ್ಯಾಂಟೀನ್ ಇದೆಯಲ್ಲ’ ಎಂದು ಕೆಲವರು ಕೇಳುತ್ತಾರೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಶುರುವಾದ ಆ ಕ್ಯಾಂಟೀನು ನಮ್ಮೂರಿಗೂ ಬಂತು. 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಎಂದು ಶುರುವಾದ ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ, ಅದನ್ನು ಬಲಪಡಿಸಬೇಕು. ಆದರೆ ಅದು ಇರುವುದು ಬೆರಳೆಣಿಕೆಯ ಜಾಗಗಳಲ್ಲಿ, ಬರುವುದು ನಿಗದಿಯಾದಷ್ಟೇ ತಿಂಡಿ. ಟೋಕನ್ ಮುಗಿದ ಮೇಲೆ ಬಂದವರು ಎಲ್ಲಿ ಹೋಗಬೇಕು? ಬದಿಯ ಒಗ್ಗರಣಿ ಅಂಗಡಿಗೇ. ಎರಡೂ ಬೇಕು.

ರೊಕ್ಕದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂದ ಸುದ್ದಿ ರಾಜ್ಯವೆಲ್ಲ ಹಬ್ಬಿತು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಗಲ್ಲಾದ ಮೇಲೆ ಅಂಟಿದವು. ಹೆದರುವುದಕ್ಕಿಂತ ಲೆಕ್ಕ ತಿಳಿಯುವುದು ಮೇಲು. ಸೇವೆಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಬೇಕು. ದಿನಕ್ಕೆ ಹಂಚಿದರೆ ಸುಮಾರು ಐದೂವರೆ ಸಾವಿರ, ಅಂದರೆ 35 ರೂಪಾಯಿಯ 160 ಪ್ಲೇಟು. ಚೆನ್ನಾಗಿ ನಡೆಯುವ ಅಂಗಡಿ ಇದನ್ನು ಸುಲಭವಾಗಿ ದಾಟುತ್ತದೆ. ಇದು ವಹಿವಾಟು, ಲಾಭವಲ್ಲ. ಆ ವ್ಯತ್ಯಾಸ ನೋಟಿಸು ಬಂದ ದಿನ ಗೊತ್ತಾಗಬಾರದು. ಒಂದು ನೋಟ್‌ಬುಕ್ಕಿನಲ್ಲಿ ದಿನದ ಮಾರಾಟ, ಖರೀದಿ ಬರೆದಿಡಿ. ಸಣ್ಣ ಆಹಾರ ವ್ಯಾಪಾರಿಗಳಿಗೆ ಆಹಾರ ಸುರಕ್ಷತೆಯ ನೋಂದಣಿ ಇದೆ, ಅದನ್ನು ಮಾಡಿಸಿ ಗೋಡೆಗೆ ಹಾಕಿ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು: ‘ಸರ್, ನಾನು ನಾಷ್ಟಾದ ಗಾಡಿ ಹಚ್ಚಬೇಕಂತ ಮಾಡೇನಿ. ಇಡ್ಲಿಯಿಂದ ಸುರು ಮಾಡ್ಲ್ಯೋ, ಏನ್ ಮಾಡ್ಲಿ?’

‘ಇಡ್ಲಿ ಬ್ಯಾಡ್ರಿ ತಾಯಿ, ಮೊದಲು ಒಗ್ಗರಣಿ, ಉಪ್ಪಿಟ್ಟು ಹಚ್ರಿ’ ಎಂದೆ. ಇಡ್ಲಿಗೆ ಗ್ರೈಂಡರ್, ಇಡ್ಲಿ ಪಾತ್ರೆ, ಹಿಟ್ಟು ಹುದುಗಲು ಜಾಗ ಎಲ್ಲ ಬೇಕು, ಮಾರಾಟವಾಗದಿದ್ದರೆ ಹಿಟ್ಟು ಮರುದಿನಕ್ಕೆ ಹುಳಿ. ಚುರಮುರಿ, ರವಾ ಚೀಲದಲ್ಲಿ ಕೆಡದೆ ಕೂತಿರುತ್ತವೆ, ಗಿರಾಕಿ ಎಷ್ಟು ಬಂದರೋ ಅಷ್ಟೇ ಮಾಡಬಹುದು. ಒಂದು ಒಲೆ, ಒಂದು ಕಡಾಯಿ, ಒಂದು ಪಾತ್ರೆ ಸಾಕು. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಅಡವಿಲ್ಲದ ಸಾಲ ಸಿಗುತ್ತದೆ. ಮೊದಲ ಕಂತು 10,000 ರೂಪಾಯಿಯಿಂದ ಶುರುವಾಗಿತ್ತು, ಈಗ ಎಷ್ಟು ಕೊಡುತ್ತಾರೆಂದು ಪಾಲಿಕೆ ಕಚೇರಿಯಲ್ಲಿ ವಿಚಾರಿಸಬೇಕು. ಎರಡು ತಿಂಗಳು ನಡೆಸಿ, ಯಾವ ದಿನ ಎಷ್ಟು ಪ್ಲೇಟು ಹೋಗುತ್ತದೆಂದು ಕೈಗೆ ಗೊತ್ತಾದ ಮೇಲೆ ಇಡ್ಲಿ.

‘ಜಾಗಾ ನೋಡೀರೇನ್ರಿ?’ ಎಂದು ಕೇಳಿದೆ. ಬಸ್ ಸ್ಟಾಪಿನ ಹತ್ತಿರ ಒಂದು, ಓಣಿಯ ಒಳಗೆ ನಳದ ಪಕ್ಕ ಒಂದು, ಎರಡು ನೋಡಿಟ್ಟಿದ್ದರು. ಗಿರಾಕಿ ಬಸ್ ಸ್ಟಾಪಿನಲ್ಲೇ ಹೆಚ್ಚು ಎಂಬುದು ಅವರಿಗೂ ಗೊತ್ತಿತ್ತು. ಆದರೂ ನಾನು ನಳದ ಪಕ್ಕದ್ದನ್ನೇ ಹಿಡಿಯಲು ಹೇಳಿದೆ. ಪ್ಲೇಟು ಚೊಕ್ಕಾಗಿದ್ದರೆ ಗಿರಾಕಿ ಐವತ್ತು ಹೆಜ್ಜೆ ನಡೆದು ಬರುತ್ತಾರೆ.